ಏಳನೇ ಹಂಡೆಯ ಒಳಮುಖ

ಸಂದು ಇರುವಲ್ಲಿ ಸೋರಿಕೆ ಇರುತ್ತದೆ ಎಂಬ ಸಂಗತಿಯನ್ನು ಸರ್ಕಾರವು ಬಹಳ ಹಿಂದೆಯೇ ಒಪ್ಪಿಕೊಂಡಿದೆ. ಒಪ್ಪಿಕೊಂಡ ಮೇಲೆ ಕೈಕಟ್ಟಿ ಕೂರುವುದು ಸರ್ಕಾರದ ಜಾಯಮಾನವಲ್ಲ. ಆದ್ದರಿಂದ ಸರ್ಕಾರಿ ಬಟ್ಟಿ ನೀರಿನ ಕಾರ್ಖಾನೆಯಲ್ಲಿ ಸಂದು ಮುಚ್ಚಲು ಒಂದು ವಿಭಾಗವಿದೆ. ಮುಚ್ಚಿದ ಸಂದು ನಿಜವಾಗಿ ಮುಚ್ಚಿದೆಯೇ ಎಂದು ನೋಡಲು ಇನ್ನೊಂದು ವಿಭಾಗವಿದೆ. ಈ ಎರಡೂ ವಿಭಾಗಗಳ ಸಂಬಳ ಸಕಾಲಕ್ಕೆ ಆಗುತ್ತಿದೆಯೇ ಎಂದು ನೋಡಲು ಮೂರನೆಯದೂ ಇದೆ.

ಕಾರ್ಖಾನೆಯ ಕೆಲಸ ಬಹಳ ಸರಳವಾದದ್ದು. ಆಳೆತ್ತರದ ತಾಮ್ರದ ಹಂಡೆಗಳಲ್ಲಿ ನೀರು ಕುದಿಸುತ್ತಾರೆ. ಆವಿಯನ್ನು ಕೊಳವೆಯಲ್ಲಿ ಹಾಯಿಸಿ ತಣಿಸುತ್ತಾರೆ. ಹಾಗೆ ಇಳಿದ ಶುದ್ಧ ನೀರು ಆಸ್ಪತ್ರೆಗಳಿಗೂ ಬ್ಯಾಟರಿ ಅಂಗಡಿಗಳಿಗೂ ಹೋಗುತ್ತದೆ. ಹಂಡೆಗೂ ಅದರ ಗುಮ್ಮಟದಂಥ ಮುಚ್ಚಳಕ್ಕೂ ನಡುವೆ ಸುತ್ತಲೂ ಒಂದು ಸಂದು ಉಳಿಯುತ್ತದಲ್ಲ, ಅಲ್ಲಿ ಆವಿ ತಪ್ಪಿಸಿಕೊಂಡರೆ ಎಲ್ಲವೂ ವ್ಯರ್ಥ. ಅದಕ್ಕೆಂದೇ ಜರಡಿ ಹಿಡಿದ ಜೇಡಿಮಣ್ಣಿಗೆ ಸಿಮೆಂಟು, ಸುಣ್ಣ ಸೇರಿಸಿ, ಒಣಗಿದಾಗ ಬಿರುಕು ಬಿಡದಿರಲೆಂದು ಕತ್ತರಿಸಿದ ಆಡಿನ ಕೂದಲನ್ನೂ ಹಾಕಿ, ಹದವಾಗಿ ಕಲಸಿ, ಸಂದಿನ ಸುತ್ತ ಮೆತ್ತುತ್ತಾರೆ. ಇದಕ್ಕೆ ಮೆತ್ತುಮಣ್ಣು ಎನ್ನುತ್ತಾರೆ. ಬೆಳಿಗ್ಗೆ ಮೆತ್ತುವುದು, ಸಂಜೆ ಮರದ ಸುತ್ತಿಗೆಯಿಂದ ಒಡೆದು ಮುಚ್ಚಳ ತೆಗೆಯುವುದು, ಮಾರನೆಯ ದಿನ ಮತ್ತೆ ಮೆತ್ತುವುದು. ಇದನ್ನು ಮಾಡುವವನು ಮೇಸ್ತ್ರಿ. ಉಗ್ರಾಣದಿಂದ ಏನು ಬಂದರೂ ಮೆತ್ತುವುದು ತನ್ನ ಧರ್ಮವೆಂದೂ, ಏನು ಬಂತೆಂದು ನೋಡುವುದು ತನ್ನ ಧರ್ಮವಲ್ಲವೆಂದೂ ಅವನು ತಿಳಿದಿದ್ದ.

ಮೆತ್ತಿದ್ದನ್ನು ನೋಡುವವರು ಸಂದು ಪರೀಕ್ಷಾಧಿಕಾರಿಗಳು. ಇವರಿಗೆ ಕಾರ್ಖಾನೆಯಲ್ಲಿ ಟಕಟಕ ಸಾಹೇಬರೆಂದು ಹೆಸರು. ಬೆರಳ ಗೆಣ್ಣಿನಿಂದ ಸಂದನ್ನು ಟಕಟಕ ಬಡಿದು, ತಲೆ ಒಂದಿಷ್ಟು ಓರೆ ಮಾಡಿ ಆಲಿಸಿ, "ಗಟ್ಟಿ" ಎಂದು ಹೇಳಿ ಸಹಿ ಹಾಕುವುದು ಇವರ ಪದ್ಧತಿ. ಸೇವೆಗೆ ಸೇರಿದಾಗಿನಿಂದ ಇವರ ಬಾಯಿಂದ ಬೇರೆ ಮಾತು ಬಂದದ್ದಿಲ್ಲ. ಅಭ್ಯಾಸ ಎಷ್ಟು ಹತ್ತಿಹೋಗಿತ್ತೆಂದರೆ ಮನೆಯ ಗೋಡೆ, ಬಸ್ಸಿನ ಕಿಟಕಿ, ಹೆಣ್ಣು ನೋಡಲು ಹೋದಾಗ ಮಾವನ ಮನೆಯ ಬಾಗಿಲು, ಎಲ್ಲವನ್ನೂ ಬಡಿದು ನೋಡಿದ್ದರು. ಅವರ ಸ್ವಂತ ಮನೆಯ ಚಾವಣಿ ಮಳೆ ಬಂದಾಗಲೆಲ್ಲ ಸೋರುತ್ತಿತ್ತು. ಹೆಂಡತಿ ಪಾತ್ರೆ ಹಿಡಿದು ನಿಂತಾಗಲೂ ಅವರು ಸ್ಟೂಲು ಹತ್ತಿ ಬಡಿದು, "ಗಟ್ಟಿಯಾಗೇ ಇದೆಯಲ್ಲೇ" ಎಂದು ಕೆಳಗಿಳಿಯುತ್ತಿದ್ದರು.

ಉಗ್ರಾಣಾಧಿಕಾರಿ ಬೇರೆ ಯಾರೂ ಅಲ್ಲ, ಸಾಹೇಬರ ಹೆಂಡತಿಯ ತಮ್ಮ. ಅವನು ತನ್ನ ಮನೆಯ ಮೇಲೆ ಮಹಡಿ ಕಟ್ಟಿಸುತ್ತಿದ್ದ. ಆ ಮಹಡಿಯ ಸಿಮೆಂಟಿಗೂ ಕಾರ್ಖಾನೆಯ ಸಿಮೆಂಟಿಗೂ ಬಣ್ಣದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಸಿಮೆಂಟೆಲ್ಲ ಒಂದೇ ಬಣ್ಣದ್ದಾಗಿರುವುದರಿಂದ ಇದರ ಮೇಲೆ ಯಾವ ತೀರ್ಮಾನಕ್ಕೂ ಬರಲು ಅವಕಾಶವಿಲ್ಲ.

ಹೀಗೆ ಎಲ್ಲವೂ ನೆಟ್ಟಗೆ ನಡೆಯುತ್ತಿದ್ದಾಗ ಹೊಸ ನಿರ್ದೇಶಕರು ಬಂದರು. ಅವರಿಗೆ ಎರಡು ವಿಶೇಷಗಳಿದ್ದವು. ತಲೆಕೂದಲಿಗೆ ಕಾಡಿಗೆಯಂಥ ಬಣ್ಣ ಹಚ್ಚುತ್ತಿದ್ದರು, ಮತ್ತು ನಿಯಮಾವಳಿ ಓದುತ್ತಿದ್ದರು. ಮೊದಲನೆಯದನ್ನು ಎಲ್ಲರೂ ನೋಡಿಯೂ ನೋಡದಂತಿದ್ದರು. ಎರಡನೆಯದು ಅಪಾಯಕರವೆಂದು ಯಾರಿಗೂ ಹೊಳೆಯಲಿಲ್ಲ.

ಮೊದಲ ಸಭೆಯಲ್ಲೇ ನಿರ್ದೇಶಕರು ಕನ್ನಡಕ ಏರಿಸಿಕೊಂಡು ಓದಿದರು: "ಪ್ರತಿಯೊಂದು ಸಂದನ್ನು ಹೊರಮುಖ ಮತ್ತು ಒಳಮುಖ, ಈ ಎರಡೂ ಮುಖಗಳಿಂದ ಪರೀಕ್ಷಿಸಿ ಪ್ರಮಾಣೀಕರಿಸತಕ್ಕದ್ದು." ಓದಿ ತಲೆ ಎತ್ತಿದರು. "ಹೊರಮುಖ ಸರಿ. ಒಳಮುಖ ನೋಡ್ತಾ ಇರೋರು ಯಾರು?"

ಎಲ್ಲರೂ ಟಕಟಕ ಸಾಹೇಬರ ಕಡೆಗೆ ತಿರುಗಿದರು.

"ಸಾರ್, ಹೊರಗಿಂದ ಬಡಿದರೆ ಒಳಗಿಂದು ಗೊತ್ತಾಗುತ್ತೆ," ಎಂದರು ಟಕಟಕ ಸಾಹೇಬರು.

"ಗೊತ್ತಾಗೋದು ಬೇರೆ, ಪರೀಕ್ಷಿಸೋದು ಬೇರೆ. ಇಷ್ಟು ವರ್ಷ ಎರಡೂ ಮುಖ ನೋಡಿದೀವಿ ಅಂತ ಸಹಿ ಹಾಕಿದೀರಲ್ಲ?"

"ಹಾಕಿದ್ದು ಒಂದೇ ಸಹಿ ಸಾರ್."

ನಿರ್ದೇಶಕರು ಇದನ್ನು ಕೇಳದವರಂತೆ ಮುಂದುವರಿದರು. ಉಪನಿರ್ದೇಶಕರ ಹುದ್ದೆ ಖಾಲಿಯಿದೆ, ಒಳಮುಖ ಪರೀಕ್ಷೆಯನ್ನು ಮೊಟ್ಟಮೊದಲು ನಡೆಸಿದವರ ಹೆಸರನ್ನು ಕೇಂದ್ರ ಕಚೇರಿಗೆ ಶಿಫಾರಸು ಮಾಡಲಾಗುವುದು, ಎಂದರು. ಉಪನಿರ್ದೇಶಕರ ಕೋಣೆಯಲ್ಲಿ ಒಂದು ಕುರ್ಚಿಯಿತ್ತು. ಒರಗಿದರೆ ಹಿಂದಕ್ಕೆ ಬಾಗುತ್ತಿತ್ತು, ಕಾಲಿನಿಂದ ಒದ್ದರೆ ಸುತ್ತುತ್ತಿತ್ತು. ಕೋಣೆ ಗುಡಿಸುವಾಗ ಬಾಗಿಲು ತೆರೆದಿದ್ದರೆ ಟಕಟಕ ಸಾಹೇಬರು ಒಳಗೆ ಹೋಗಿ ಅದರ ಕೈಗಳನ್ನು ಬಡಿದು ನೋಡಿ ಬರುತ್ತಿದ್ದರು. ಅವರಿಗೆ ಆ ಕುರ್ಚಿಯ ಮೇಲೆ ಪ್ರಾಣ.

"ನಾನೇ ಒಳಗೆ ಇಳೀತೀನಿ ಸಾರ್," ಎಂದುಬಿಟ್ಟರು.

ಭಾವಮೈದುನ ಸಭೆಯಿಂದ ಹೊರಗೆ ಬಂದವನೇ ಅವರ ತೋಳು ಹಿಡಿದ. "ಭಾವ, ನಿಮಗ್ಯಾಕೆ ಈ ಉಸಾಬರಿ? ಹೊರಗಿಂದ ಬಡಿದು ಹಾಯಾಗಿರೋದು ಬಿಟ್ಟು?"

"ನಿನಗ್ಯಾಕಪ್ಪ ಅಷ್ಟು ಗಾಬರಿ?"

"ಗಾಬರಿ ಅಲ್ಲ ಭಾವ, ಪ್ರೀತಿ," ಎಂದ ಅವನು.

ಪರೀಕ್ಷೆಗೆ ಏಳನೇ ಹಂಡೆಯನ್ನು ಆರಿಸಲಾಯಿತು. ಅದರ ಕೆಳಗಿನ ಉರಿ ಆರಿಸಿ, ಒರೆಸಿ, ಒಳಗೊಂದು ಸ್ಟೂಲು ಇಳಿಸಿದರು. ಟಕಟಕ ಸಾಹೇಬರು ಇಸ್ತ್ರಿ ಮಾಡಿದ ಕೋಟು ತೊಟ್ಟು, ಟಾರ್ಚು, ಮೊಹರು, ಶಾಯಿಪಟ್ಟಿ ಹಿಡಿದು ಏಣಿಯಲ್ಲಿ ಇಳಿದರು. ಏಣಿ ಮೇಲಕ್ಕೆ ಬಂತು. ರಾಟೆಯಲ್ಲಿ ಮುಚ್ಚಳ ಕೆಳಕ್ಕೆ ಬಂತು. ಮೇಸ್ತ್ರಿ ಸುತ್ತಲೂ ಮಣ್ಣು ಮೆತ್ತಿದ. ಮುಚ್ಚಳದ ನೆತ್ತಿಯ ಮೇಲೆ ಆವಿ ಹೋಗುವ ಒಂದು ಗಂಟಲಿದೆ. ಅದರ ಕೊಳವೆ ಬಿಚ್ಚಿಟ್ಟಿದ್ದರಿಂದ ಅಲ್ಲಿಂದ ಗಾಳಿ ಆಡುತ್ತಿತ್ತು. ಆ ಗಂಟಲಲ್ಲಿ ಊಟದ ಡಬ್ಬಿ ತೂರುತ್ತದೆ, ಮನುಷ್ಯನ ತಲೆ ತೂರುವುದಿಲ್ಲ.

ಮಣ್ಣು ಒಣಗಿದ ಮೇಲೆ ಒಳಗಿನಿಂದ ಟಕಟಕ ಕೇಳಿಸಿತು. ಆಮೇಲೆ ಬಾವಿಯಿಂದ ಬಂದಂತೆ ಒಂದು ದನಿ: "ಗಟ್ಟಿ!" ಮೊಹರು ಒತ್ತಿದ ಪ್ರಮಾಣಪತ್ರ ಗಂಟಲಿನಿಂದ ಮೇಲೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಿರ್ದೇಶಕರು ಹಂಡೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಚಹಾ ಆಯಿತು. ಒಂದು ಲೋಟವನ್ನು ದಾರ ಕಟ್ಟಿ ಒಳಗೂ ಇಳಿಸಿದರು.

ಚಹಾ ಮುಗಿಸಿ ಮೇಸ್ತ್ರಿ ಸುತ್ತಿಗೆ ಎತ್ತಿದ.

"ತಾಳಯ್ಯ," ಎಂದರು ನಿರ್ದೇಶಕರು. ಅವರ ಕೈಯಲ್ಲಿ ನಿಯಮಾವಳಿಯ ಮುಂದಿನ ಪುಟ ತೆರೆದಿತ್ತು. "ಎರಡೂ ಮುಖಗಳಿಂದ ಪ್ರಮಾಣಿತವಾದ ಸಂದನ್ನು, ಪ್ರಮಾಣೀಕರಿಸಿದ ಅಧಿಕಾರಿಯು ಖುದ್ದಾಗಿ ಹೊರಗೆ ನಿಂತು, ತನ್ನ ಕಣ್ಣೆದುರಿನಲ್ಲಿ ಒಡೆಸತಕ್ಕದ್ದು. ತಪ್ಪಿದಲ್ಲಿ ಸರ್ಕಾರಿ ಸ್ವತ್ತಿನ ನಾಶವೆಂದು ಪರಿಗಣಿಸತಕ್ಕದ್ದು."

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ಪ್ರಮಾಣೀಕರಿಸಿದ ಅಧಿಕಾರಿ ಎಲ್ಲಿದ್ದಾರೆ?" ನಿರ್ದೇಶಕರು ಕೇಳಿದರು.

"ಇಲ್ಲೇ ಇದೀನಿ ಸಾರ್," ಎಂದಿತು ಹಂಡೆ.

"ಹೊರಗೆ ಬಂದು ನಿಂತ್ಕೊಳ್ಳಿ."

"ಒಡೆದರೆ ಬರ್ತೀನಿ ಸಾರ್."

"ನೀವು ಬಂದರೆ ಒಡೆಸ್ತೀನಿ."

ಈ ಮಾತುಕತೆ ಸಂಜೆಯವರೆಗೆ ಪರಸ್ಪರ ಗೌರವದಿಂದ ನಡೆಯಿತು. ಕೊನೆಗೆ ಕಚೇರಿ ವೇಳೆ ಮುಗಿದಿದ್ದರಿಂದ, ಸ್ಪಷ್ಟನೆ ಕೋರಿ ಕೇಂದ್ರ ಕಚೇರಿಗೆ ಬರೆಯುವುದೆಂದು ತೀರ್ಮಾನವಾಗಿ ಎಲ್ಲರೂ ಮನೆಗೆ ಹೋದರು. ಒಬ್ಬರನ್ನು ಬಿಟ್ಟು.

ಮಾರನೆಯ ಬೆಳಿಗ್ಗೆ ಸಾಹೇಬರ ಹೆಂಡತಿ ಬಂದಳು. ಗಂಡ ಮನೆಗೆ ಬರಲಿಲ್ಲವೆಂದು ಅತ್ತು ಕಣ್ಣು ಕೆಂಪಾಗಿತ್ತು. ಕೈಯಲ್ಲಿ ಮೂರು ಅಂತಸ್ತಿನ ಊಟದ ಡಬ್ಬಿ ಇತ್ತು. ಹಂಡೆಯ ಪಕ್ಕದ ಮೆಟ್ಟಿಲು ಹತ್ತಿ ಗಂಟಲೊಳಗೆ ಬಗ್ಗಿ ನೋಡಿದಳು. ಕೆಳಗೆ ಕತ್ತಲಲ್ಲಿ ಗಂಡನ ಬೋಳುತಲೆ ಮಿನುಗುತ್ತಿತ್ತು.

"ರೀ!"

"ಯಾಕೆ ಬಂದೆ? ಡ್ಯೂಟಿ ಮೇಲಿದೀನಿ."

"ಇದೆಂಥ ಡ್ಯೂಟಿ ರೀ? ಉಪ್ಪಿನಕಾಯಿ ಹಾಗೆ ಮುಚ್ಚಿಟ್ಟಿದಾರಲ್ಲ ನಿಮ್ಮನ್ನ!"

"ಮೆಲ್ಲಗೆ ಮಾತಾಡೇ. ಇಲ್ಲಿ ಎಲ್ಲ ಮಾರ್ದನಿ ಕೊಡುತ್ತೆ. ಒಂದೆರಡು ದಿನ ಅಷ್ಟೇ, ಪತ್ರ ಬರುತ್ತೆ."

ಅವಳು ಡಬ್ಬಿ ಬಿಚ್ಚಿ ಒಂದೊಂದೇ ಅಂತಸ್ತನ್ನು ದಾರ ಕಟ್ಟಿ ಇಳಿಸಿದಳು. ಸಾಹೇಬರು ಉಂಡು ಖಾಲಿ ಡಬ್ಬಿಗಳನ್ನು ಮೇಲೆ ಕಳಿಸಿದರು. ಮೇಲೆ ಕಳಿಸುವ ಮೊದಲು ಪ್ರತಿಯೊಂದನ್ನೂ ಬಡಿದು ನೋಡಿದ್ದು ಅವಳಿಗೆ ಕೇಳಿಸಿತು. ಆ ಸದ್ದು ಕೇಳಿ ಅವಳಿಗೆ ನಗುವೂ ಬಂತು, ಅಳುವೂ ಬಂತು.

ಒಂದೆರಡು ದಿನ ವಾರಗಳಾದವು. ಹಂಡೆಯನ್ನು ಕಚೇರಿಯ ಕೊಠಡಿಯೆಂದು ಘೋಷಿಸಿ ಅದರ ಹೊಟ್ಟೆಯ ಮೇಲೆ ನಾಮಫಲಕ ಹಚ್ಚಲಾಯಿತು. ಕಡತಗಳು ಸುರುಳಿಯಾಗಿ ಗಂಟಲಲ್ಲಿ ಇಳಿದು ಸಹಿಯಾಗಿ ಏರುತ್ತಿದ್ದವು. ಮಿಕ್ಕ ಹಂಡೆಗಳ ಸಂದುಗಳನ್ನು ಮೇಸ್ತ್ರಿಯೇ ಬಡಿದು, ಆ ಸದ್ದನ್ನು ಬಾಯಲ್ಲಿ ಅನುಕರಿಸಿ ಗಂಟಲೊಳಗೆ ಹೇಳುತ್ತಿದ್ದ. ಸಾಹೇಬರು ಕೇಳಿ "ಗಟ್ಟಿ" ಎನ್ನುತ್ತಿದ್ದರು. ಒಳಮುಖ ಭತ್ಯೆ ಮಂಜೂರಾಯಿತು. ಸ್ನಾನ ಮತ್ತು ಇತರ ವ್ಯವಸ್ಥೆಗಳಿಗೆ ಹಂಡೆಯ ತಳದ ನಲ್ಲಿಯನ್ನು ಬಳಸುವ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಟಿದೆ. ಅದರ ವಿವರ ಇಲ್ಲಿ ಬೇಡ.

ಒಂದು ಸಣ್ಣ ಇಕ್ಕಟ್ಟು ಮಾತ್ರ ಬಂತು. ಉತ್ಪಾದನೆ ಕುಸಿದಿತ್ತು. ಏಳನೇ ಹಂಡೆ ಎಲ್ಲಕ್ಕಿಂತ ದೊಡ್ಡದು. ನಿರ್ದೇಶಕರು ಮೆಟ್ಟಿಲು ಹತ್ತಿ ಬಂದು ಬಹಳ ಸಂಕೋಚದಿಂದ ಕೇಳಿದರು:

"ನಿಮ್ಮ ಅಭ್ಯಂತರ ಇಲ್ಲದಿದ್ರೆ, ಮಂದ ಉರಿಯಲ್ಲಿ ಒಂದಿಷ್ಟು ನೀರು ಕುದಿಸಿಕೊಳ್ಳಬಹುದಾ?"

"ಸಾರ್, ಕುದಿಸಬೇಕಾದ್ರೆ ಗಂಟಲಿಗೆ ಕೊಳವೆ ಜೋಡಿಸಬೇಕು. ಆಗ ಗಂಟಲಿಗೂ ಕೊಳವೆಗೂ ನಡುವೆ ಹೊಸ ಸಂದು ಹುಟ್ಟುತ್ತೆ. ಅದರ ಒಳಮುಖಕ್ಕೆ ಬೇರೆ ಅಧಿಕಾರಿ ಬೇಕಾಗುತ್ತೆ."

"ಹೌದಲ್ಲ," ಎಂದರು ನಿರ್ದೇಶಕರು, ನಿಯಮದ ಸೂಕ್ಷ್ಮಕ್ಕೆ ತಲೆದೂಗುತ್ತ. ಕೊರತೆಯಾದ ನೀರನ್ನು ಎದುರಿನ ಅಂಗಡಿಯಿಂದ ಬಾಟಲಿಯಲ್ಲಿ ತರಿಸಿ ಕಾರ್ಖಾನೆಯ ಚೀಟಿ ಅಂಟಿಸಲು ಆಜ್ಞೆಯಾಯಿತು. ಆಸ್ಪತ್ರೆಯವರು ನೀರಿನ ಗುಣಮಟ್ಟ ಸುಧಾರಿಸಿದೆಯೆಂದು ಮೆಚ್ಚಿ ಬರೆದರು.

ಆ ರಾತ್ರಿ ಟಕಟಕ ಸಾಹೇಬರಿಗೆ ನಿದ್ದೆ ಹತ್ತಲಿಲ್ಲ. ಮಂದ ಉರಿ ಎಂಬ ಮಾತು ಕಿವಿಯಲ್ಲೇ ಇತ್ತು. ಅವರಿಗೆ ಮೊದಲ ಸಲ ಭಯವಾಯಿತು. ಮನೆಯ ಹಾಸಿಗೆ ನೆನಪಾಯಿತು. ಚಾವಣಿಯಿಂದ ತೊಟ್ಟಿಕ್ಕುವ ನೀರು, ಅದರ ಕೆಳಗೆ ಪಾತ್ರೆ ಇಟ್ಟು ಗೊಣಗುವ ಹೆಂಡತಿ, ಎಲ್ಲವೂ ಬೇಕೆನಿಸಿತು.

ಕೇಂದ್ರ ಕಚೇರಿಯ ಪತ್ರ ಕೊನೆಗೂ ಬಂತು. ಸ್ಪಷ್ಟನೆಯ ವಿಷಯ ಪರಿಶೀಲನೆಯಲ್ಲಿದೆ. ಆದರೆ ಇಷ್ಟು ದೀರ್ಘಕಾಲ ಒಡೆಯದೆ ನಿಂತ ಸಂದು ಇಲಾಖೆಯ ಚರಿತ್ರೆಯಲ್ಲೇ ಇಲ್ಲವಾದ್ದರಿಂದ ಸದರಿ ಅಧಿಕಾರಿಯನ್ನು ಉಪನಿರ್ದೇಶಕರನ್ನಾಗಿ ಬಡ್ತಿಗೊಳಿಸಿದೆ. ಸಂದನ್ನು ಕಣ್ಣಾರೆ ನೋಡಲು ಉನ್ನತ ತಂಡವೊಂದು ಶೀಘ್ರದಲ್ಲೇ ಬರಲಿದೆ. ಸಂದಿಗೆ ಪ್ರಶಸ್ತಿಯೂ ಉಂಟು.

ಉಪನಿರ್ದೇಶಕರ ಕುರ್ಚಿಯನ್ನು ಹೊತ್ತು ತಂದರು. ಅದು ಗಂಟಲಲ್ಲಿ ತೂರಲಿಲ್ಲ. ಹಂಡೆಯ ಪಕ್ಕದಲ್ಲೇ ಇಟ್ಟು, ಸಾಹೇಬರ ಕೋಟನ್ನು ಮೇಲೆ ಎಳೆದುಕೊಂಡು ಅದರ ಬೆನ್ನಿಗೆ ಹಾಕಿದರು. ಕುರ್ಚಿ ತಣ್ಣಗಾಗಬಾರದೆಂದು ಭಾವಮೈದುನ ಬಿಡುವಿನಲ್ಲಿ ಬಂದು ಕೂರುತ್ತಿದ್ದ. ಅದು ಸುತ್ತುವ ಸದ್ದು ಒಳಗೆ ಕೇಳುತ್ತಿತ್ತು.

"ಯಾರೋ ಅದು ಕುರ್ಚಿ ಮೇಲೆ?"

"ನಾನೇ ಭಾವ. ಗಟ್ಟಿಯಾಗಿದೆಯಾ ಅಂತ ನೋಡ್ತಾ ಇದ್ದೆ."

ತಂಡ ಬರುವ ಹಿಂದಿನ ದಿನ ಮಧ್ಯಾಹ್ನ ಸಾಹೇಬರು ಸ್ಟೂಲಿನ ಮೇಲೆ ಕೂತು ತೂಕಡಿಸುತ್ತಿದ್ದಾಗ ಮೂಗಿನ ಮೇಲೆ ಬಿಸಿಲು ಬಿತ್ತು. ಕಣ್ಣು ಬಿಟ್ಟು ನೋಡಿದರು. ಗಂಟಲಿನಿಂದ ಬಂದ ಬಿಸಿಲಲ್ಲ. ಸಂದಿನಿಂದ ಬಂದದ್ದು. ಮುಚ್ಚಳದ ಕೆಳಗೆ ಒಂದು ಕಡೆ ಕೂದಲೆಳೆಯಷ್ಟು ಬಿರುಕು, ಅದರಾಚೆ ಕಾರ್ಖಾನೆಯ ಕಿಟಕಿ ಕಾಣುತ್ತಿತ್ತು.

ಸ್ಟೂಲು ಹತ್ತಿ ಉಗುರಿನಿಂದ ಕೆರೆದರು. ಮೆತ್ತುಮಣ್ಣು ಹುಡಿಹುಡಿಯಾಗಿ ಅಂಗೈಗೆ ಉದುರಿತು. ಅದರಲ್ಲಿ ಬೂದಿ ಇತ್ತು, ಮರದ ಹೊಟ್ಟು ಇತ್ತು, ಕ್ಯಾಂಟೀನಿನ ಹಿಂದಿನ ಕಪ್ಪುಮಣ್ಣು ಅದರ ವಾಸನೆಯ ಸಮೇತ ಇತ್ತು. ಸಿಮೆಂಟನ್ನು ಹೊರಗಿನ ಮೈಗೆ ಪೌಡರಿನಂತೆ ಸವರಿದ್ದರು. ಆಡಿನ ಕೂದಲಿನ ಬದಲು ಇದ್ದದ್ದು ಕ್ಷೌರದಂಗಡಿಯ ಕೂದಲು. ಟಾರ್ಚಿನ ಬೆಳಕಿನಲ್ಲಿ ಒಂದು ಎಳೆ ಹಿಡಿದು ನೋಡಿದರು. ಬುಡದಲ್ಲಿ ಬೆಳ್ಳಗೆ, ಮಿಕ್ಕಂತೆ ಕಾಡಿಗೆಯ ಕಪ್ಪು. ಯಾವ ಆಡೂ ತಲೆಗೆ ಬಣ್ಣ ಹಚ್ಚುವುದಿಲ್ಲ.

ತೋಳನ್ನು ಮುಚ್ಚಳಕ್ಕೆ ಆನಿಸಿ ಮೆಲ್ಲಗೆ ಒತ್ತಿದರು. ಮುಚ್ಚಳ ಮೇಲೆದ್ದಿತು. ಹೆಚ್ಚೇನೂ ಅಲ್ಲ, ಒಂದು ಬೆರಳಿನಷ್ಟು. ರಾಟೆಯ ಹಗ್ಗಕ್ಕೆ ಸಮತೂಕದ ಕಲ್ಲು ಕಟ್ಟಿದ್ದರಿಂದ ಭಾರವೇ ಇರಲಿಲ್ಲ. ತಂಗಾಳಿ ಮುಖಕ್ಕೆ ಬಡಿಯಿತು. ಸಾಹೇಬರಿಗೆ ಖುಷಿಯಿಂದ ಕಣ್ಣಲ್ಲಿ ನೀರೇ ಬಂತು.

ಅದೇ ಹೊತ್ತಿಗೆ ಮೇಲೆ ಹೆಂಡತಿಯ ದನಿ: "ರೀ, ಡಬ್ಬಿ ತಂದಿದೀನಿ."

"ಡಬ್ಬಿ ಇರಲಿ. ಕೇಳು, ಸಂದು ಬಿಟ್ಟಿದೆ ಕಣೇ! ಒಳಗೆ ಸಿಮೆಂಟೇ ಇಲ್ಲ, ಬರೀ ಬೂದಿ. ಮುಚ್ಚಳ ಎತ್ತಿದರೆ ಬರುತ್ತೆ!"

"ಅಯ್ಯೋ ಪುಣ್ಯಾತ್ಮ, ಮತ್ತೆ ಎತ್ತಿ! ಎತ್ತಿ ಬನ್ನಿ! ಮನೆಗೆ ಹೋಗೋಣ!"

ಸಾಹೇಬರು ಮತ್ತೆ ತೋಳು ಕೊಟ್ಟರು. ಮುಚ್ಚಳ ಇನ್ನೊಂದು ಬೆರಳು ಎದ್ದಿತು. ಆಮೇಲೆ, ಇಷ್ಟು ವರ್ಷ ಸರ್ಕಾರಿ ಸೇವೆಯಲ್ಲಿದ್ದವರಿಗೆ ಸಹಜವಾಗಿ ಆಗುವಂತೆ, ಅವರ ತೋಳಿಗಿಂತ ಮುಂಚೆ ತಲೆ ಕೆಲಸ ಮಾಡಿತು. ಹೊರಗೆ ಬಂದರೆ ಸಂದು ಗಟ್ಟಿಯಿರಲಿಲ್ಲ ಎಂದಾಗುತ್ತದೆ. ಸಂದು ಗಟ್ಟಿಯಿರಲಿಲ್ಲವಾದರೆ ಸಹಿ ಸುಳ್ಳು. ಸಹಿ ಸುಳ್ಳಾದರೆ ಬಡ್ತಿ ಇಲ್ಲ, ಕುರ್ಚಿ ಇಲ್ಲ. ಈ ಸಹಿ ಸುಳ್ಳಾದ ಮೇಲೆ ಹಿಂದಿನ ಸಹಿಗಳನ್ನು ಯಾರು ನಂಬುತ್ತಾರೆ? ಉಗ್ರಾಣ ತೆರೆಸುತ್ತಾರೆ. ಭಾವಮೈದುನ ಒಳಗೆ ಹೋಗುತ್ತಾನೆ, ಅದೂ ಹಂಡೆಯ ಒಳಗಲ್ಲ. ಅವರು ಮೆಲ್ಲಗೆ ಮುಚ್ಚಳವನ್ನು ಮೊದಲಿದ್ದ ಜಾಗಕ್ಕೇ ಇಳಿಸಿದರು.

"ಯಾಕ್ರೀ, ಸುಮ್ಮನಾದ್ರಿ? ಬನ್ನಿ!"

"ಹೇಗೆ ಬರಲೇ? ಗಟ್ಟಿ ಅಂತ ಸಹಿ ಹಾಕಿದೀನಿ."

ಅವಳು ಗಂಟಲಿಗೆ ಬಾಯಿಟ್ಟು ಬೈದಳು. ಬೈಗುಳ ಹಂಡೆಯೊಳಗೆ ಮೂರು ಸುತ್ತು ಹಾಕಿತು. "ನಾನು ಮದುವೆ ಆಗಿದ್ದು ನಿಮ್ಮನ್ನ, ನಿಮ್ಮ ಸಹಿನಲ್ಲ! ಒಬ್ಬಳೇ ಸೋರೋ ಮನೇಲಿ ಪಾತ್ರೆ ಹಿಡ್ಕೊಂಡು ಓಡಾಡ್ತಾ ಇದೀನಿ. ನಿಮಗೆ ನಾನು ಬೇಡ್ವಾ?"

"ಬೇಕು ಕಣೇ," ಎಂದರು ಸಾಹೇಬರು. ಅದು ನಿಜವಾಗಿತ್ತು. "ಬೇಕು. ಆದರೆ ನಾಳೆ ತಂಡ ಬರುತ್ತೆ. ಒಂದು ಕೆಲಸ ಮಾಡು. ಒಂದು ಅಂತಸ್ತಿನಷ್ಟು ಒಳ್ಳೆ ಮಣ್ಣು ಕಲಸಿ ತಾ. ಒಳಗಿಂದ ನಾನೇ ಮೆತ್ಕೊಂಡುಬಿಡ್ತೀನಿ."

ಅವಳು ಡಬ್ಬಿಯನ್ನು ಅಲ್ಲೇ ಮೆಟ್ಟಿಲ ಮೇಲೆ ಕುಕ್ಕಿ ನೇರವಾಗಿ ತಮ್ಮನ ಮನೆಗೆ ಹೋದಳು. ತಮ್ಮನ ಕುತ್ತಿಗೆ ಪಟ್ಟಿ ಹಿಡಿದು, ನಿರ್ದೇಶಕರ ಮುಂದೆ ಎಲ್ಲ ಹೇಳಿಬಿಡುತ್ತೇನೆಂದಳು. ಅವನು ಬಿಳುಚಿಕೊಂಡ. ಕಾಲಿಗೆ ಬಿದ್ದ. ಅಪ್ಪ ಅಮ್ಮನ ನೆನಪು ಮಾಡಿಸಿ ಅತ್ತ. ಅಳು ಉಪಯೋಗಕ್ಕೆ ಬಾರದಿದ್ದಾಗ ಅಕ್ಕನನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿ ಹೊಸ ಮಹಡಿಗೆ ಕರೆದೊಯ್ದ. ಆ ಹೊತ್ತಿಗೆ ಹೊರಗೆ ಮಳೆ ಹಿಡಿದಿತ್ತು. ಅವಳು ಅಭ್ಯಾಸದಂತೆ ಮೇಲೆ ನೋಡಿದಳು. ಒಂದು ಹನಿಯೂ ಇಲ್ಲ. ಗೋಡೆ ಬಡಿದು ನೋಡಿದಳು, ಗಂಡನ ಹಾಗೆ. ನಿಜಕ್ಕೂ ಗಟ್ಟಿಯಾಗಿತ್ತು.

"ಅಕ್ಕಾ, ಈ ಮಹಡಿ ನಿನಗೇ. ಇವತ್ತೇ ಬಂದು ಇರು," ಎಂದ ತಮ್ಮ.

ಅವಳು ಬಹಳ ಹೊತ್ತು ಕಿಟಕಿಯ ಬಳಿ ನಿಂತು ಮಳೆ ನೋಡಿದಳು. ಪಾತ್ರೆ ಇಡದೆ ಮಳೆ ನೋಡಿ ಎಷ್ಟೋ ವರ್ಷವಾಗಿತ್ತು. ಕೊನೆಗೆ ಮೂಲೆಯಲ್ಲಿ ಉಳಿದಿದ್ದ ಅರ್ಧ ಚೀಲ ಸಿಮೆಂಟನ್ನು ಕಾಲಿನಿಂದ ತೋರಿಸಿ, "ಇದನ್ನ ಅಡುಗೆಮನೆಗೆ ಎತ್ತಿಡು," ಎಂದಳು. ಹೀಗೆ ಸರ್ಕಾರಿ ಸಿಮೆಂಟು, ಒಂದಿಷ್ಟು ಸುತ್ತುಬಳಸಿಯಾದರೂ, ಕೊನೆಗೆ ಸರ್ಕಾರಿ ಸಂದಿಗೇ ಬಂದು ಸೇರಿತು.

ಬೆಳಗಾದ ಕೂಡಲೇ ಊಟದ ಡಬ್ಬಿಯ ಮೇಲಿನ ಎರಡು ಅಂತಸ್ತಿನಲ್ಲಿ ಊಟವೂ ಕೆಳಗಿನದರಲ್ಲಿ ಕಲಸಿದ ಮಣ್ಣೂ ಹಂಡೆಗೆ ಇಳಿದವು. ಸಾಹೇಬರು ಮೊದಲು ಕೆಳಗಿನ ಅಂತಸ್ತನ್ನು ಖಾಲಿ ಮಾಡಿದರು. ಕೋಟಿಲ್ಲದ ತೋಳು ಮಡಚಿ, ಬಿರುಕಿನುದ್ದಕ್ಕೂ ಒತ್ತಿ ಒತ್ತಿ ತುಂಬಿದರು. ಬಿರುಕಿನ ಬೆಳಕು ತೆಳುವಾಯಿತು, ಗೆರೆಯಾಯಿತು, ಚುಕ್ಕಿಯಾಯಿತು. ಆ ಚುಕ್ಕಿಯ ಮುಂದೆ ಒಂದು ಗಳಿಗೆ ಅವರ ಬೆರಳು ನಿಂತಿತು. ಆಚೆ ಕಿಟಕಿ, ಕಿಟಕಿಯಾಚೆ ರಸ್ತೆ, ರಸ್ತೆಯಲ್ಲಿ ಬಸ್ಸಿಗೆ ಓಡುವ ಯಾರೋ. ನೋಡಿ, ಮುಚ್ಚಿದರು.

ಉನ್ನತ ತಂಡ ಬಂತು. ತಂಡದ ಮುಖ್ಯಸ್ಥರು ಹೊರಗಿನಿಂದ ಬಡಿದರು. ಒಳಗಿನಿಂದ ಉತ್ತರವಾಗಿ ಟಕಟಕ ಬಂತು.

"ಹೇಗಿದೆ?" ಎಂದು ಮುಖ್ಯಸ್ಥರು ಗಂಟಲಿಗೆ ಕೇಳಿದರು.

"ಗಟ್ಟಿ ಸಾರ್."

ಈ ಸಲ ಅದು ಸುಳ್ಳಾಗಿರಲಿಲ್ಲ. ತಂಡದವರು ಅಳತೆ ಮಾಡಿ, ಕಾಲ ಕಳೆದಂತೆ ಬಿಗಿಯಾಗುತ್ತಿರುವ ಸಂದು ಇದೊಂದೇ ಎಂದು ವರದಿ ಬರೆದರು. ಪ್ರಶಸ್ತಿಯ ಶಾಲನ್ನು ಹಂಡೆಗೆ ಹೊದಿಸಲಾಯಿತು. ಉಗ್ರಾಣದ ಸಾಮಗ್ರಿಯ ಉತ್ಕೃಷ್ಟತೆಗಾಗಿ ಭಾವಮೈದುನನಿಗೆ ಪದಕ ಸಿಕ್ಕಿತು. ನಿರ್ದೇಶಕರು ಭಾಷಣದಲ್ಲಿ, ಈ ಸಂದಿಗೆ ನಾವೆಲ್ಲರೂ ನಮ್ಮ ನಮ್ಮ ಕೈಲಾದದ್ದನ್ನು ಕೊಟ್ಟಿದ್ದೇವೆ ಎಂದರು. ತಲೆ ಸವರಿಕೊಳ್ಳುತ್ತ ಅವರು ಹೇಳಿದ ಈ ಮಾತು ಎಷ್ಟು ನಿಜವೆಂದು ಒಳಗಿದ್ದವರಿಗೆ ಮಾತ್ರ ಗೊತ್ತಿತ್ತು.

ಅದೇ ವಾರ ಪ್ರಕಟಣೆ ಹೊರಟಿತು. ಇನ್ನು ಮುಂದೆ ಪ್ರತಿ ಹಂಡೆಗೂ ಒಬ್ಬ ಕಾಯಂ ಒಳಮುಖ ಅಧಿಕಾರಿ ಇರತಕ್ಕದ್ದು. ಅಭ್ಯರ್ಥಿಗಳು ಮಿತವಾದ ಮೈಕಟ್ಟಿನವರಾಗಿದ್ದು, ಕತ್ತಲೆಗೆ ಅಂಜದವರಾಗಿರತಕ್ಕದ್ದು. ಹೊರಗೆ ಬರುವುದರ ಕುರಿತ ಸ್ಪಷ್ಟನೆ ಪರಿಶೀಲನೆಯಲ್ಲಿರುವುದರಿಂದ ಆ ಬಗ್ಗೆ ಪತ್ರವ್ಯವಹಾರ ಮಾಡಕೂಡದು. ಅರ್ಜಿ ಹಿಡಿದವರ ಸಾಲು ಕಾರ್ಖಾನೆಯ ಗೇಟು ದಾಟಿ ಬಸ್‌ಸ್ಟಾಪಿನವರೆಗೆ ನಿಂತಿತು. ಶಿಫಾರಸು ಪತ್ರಗಳು ಬಂದವು. ಒಬ್ಬ ತಂದೆ ಮಗನನ್ನು ಕರೆತಂದು, "ಒಂದು ಸಣ್ಣ ಹಂಡೆ ಆದ್ರೂ ಕೊಡಿಸಿ ಸ್ವಾಮಿ, ಹುಡುಗನ ಜೀವನ ಒಂದು ದಡ ಸೇರುತ್ತೆ," ಎಂದು ಮೇಸ್ತ್ರಿಯ ಕೈ ಹಿಡಿದು ಬೇಡಿಕೊಂಡ.

ಕೆಲವು ಹೆಂಗಸರು ಸಾಹೇಬರ ಹೆಂಡತಿಯ ಬಳಿ ಬಂದು ಎಂಥ ಡಬ್ಬಿ ಕೊಳ್ಳಬೇಕೆಂದು ಕೇಳಿದರು. "ಮೂರಂತಸ್ತಿಂದು ಸಾಲಲ್ಲ, ನಾಲ್ಕರದ್ದು ತಗೊಳ್ಳಿ," ಎಂದಳು ಅವಳು. ಈಗ ಅವಳ ವಾಸ ತಮ್ಮನ ಮಹಡಿಯಲ್ಲಿ. ಸೋರುವ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದಾಳೆ. ಹಿಡಿದುಕೊಂಡು ಓಡಾಡುತ್ತಿದ್ದ ಪಾತ್ರೆಗಳಲ್ಲಿ ದೊಡ್ಡದೊಂದನ್ನು ಮಣ್ಣು ಕಲಸಲು ಇಟ್ಟುಕೊಂಡಿದ್ದಾಳೆ. ಸಂದು ಎಂದ ಮೇಲೆ ದಿನವೂ ಒಂದಲ್ಲ ಒಂದು ಕಡೆ ಬಿರುಕು ಇದ್ದೇ ಇರುತ್ತದೆ.

ಮೊನ್ನೆಯೂ ಅವಳು ಮೆಟ್ಟಿಲು ಹತ್ತಿ, ದಾರ ಕಟ್ಟಿ, ಒಂದೊಂದೇ ಅಂತಸ್ತು ಇಳಿಸಿ, ಗಂಟಲ ಬಳಿ ಗಲ್ಲಕ್ಕೆ ಕೈಕೊಟ್ಟು ಕೂತಳು. ಒಳಗೆ ಉಣ್ಣುವ ಸದ್ದು, ಆಮೇಲೆ ಮೆತ್ತುವ ಸದ್ದು.

"ಊಟ ಹೇಗಿತ್ತು ರೀ?"

"ಊಟ ಚೆನ್ನಾಗಿತ್ತು. ಮಣ್ಣು ಇವತ್ತು ಸ್ವಲ್ಪ ನೀರಾಗಿತ್ತು ಕಣೇ."

"ಹೌದಾ? ನಾಳೆ ಗಟ್ಟಿಯಾಗಿ ಕಲಸ್ತೀನಿ ಬಿಡಿ," ಎಂದು ಅವಳು ಖಾಲಿ ಡಬ್ಬಿ ಮೇಲೆ ಎಳೆದುಕೊಂಡಳು.